ಧ್ವನಿ ಟೈಪಿಂಗ್: ಡಿಟಿಪಿ ಅಂಗಡಿಯಲ್ಲಿ ನಾಲ್ಕು ವರ್ಷ ಬಳಸಿದ ಮೇಲೆ

ಉಡುಪಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ನೇಮದ (ಭೂತಾರಾಧನೆಯ) ಆಮಂತ್ರಣ, ಯಕ್ಷಗಾನದ ಕರಪತ್ರ, ಸೊಸೈಟಿಯ ವರದಿ. ದಿನವಿಡೀ ಕನ್ನಡ ಟೈಪ್ ಮಾಡುವುದೇ ಕೆಲಸ. 2021ರ ಮಳೆಗಾಲದಲ್ಲಿ ಬಲಗೈ ಮಣಿಕಟ್ಟು ನೋಯಲು ಶುರುವಾಯಿತು. ಒಂದು ತಿಂಗಳು ಕೈಗೆ ಕೆಲಸ ಕೊಡಬೇಡಿ ಎಂದರು ಡಾಕ್ಟರು. ಅಂಗಡಿ ಮುಚ್ಚುವ ಹಾಗಿರಲಿಲ್ಲ. ಫೋನಿನ ಕೀಬೋರ್ಡಿನಲ್ಲಿದ್ದ ಮೈಕಿನ ಗುರುತು ಒತ್ತಿ ಮಾತಾಡಿದೆ, ಅದು ಬರೆಯಿತು. ಕೈ ಸರಿಯಾದ ಮೇಲೂ ಬಿಡಲಿಲ್ಲ. ನಾಲ್ಕು ವರ್ಷ ಬಳಸಿದವನಾಗಿ ಹೇಳುತ್ತಿದ್ದೇನೆ.

ಮೊದಲು ಒಳ್ಳೆಯದು. ಒಂದು ಎ4 ಪುಟದ ಮ್ಯಾಟರ್ ಕೈಯಲ್ಲಿ ಹೊಡೆಯಲು ನನಗೆ ಸುಮಾರು 20 ನಿಮಿಷ ಬೇಕು. ಓದಿ ಹೇಳಿದರೆ 6 ನಿಮಿಷ, ತಿದ್ದಲು ಇನ್ನೊಂದು 7. ಅರ್ಜಿ, ವರದಿ, ಸ್ವಾಗತ ಭಾಷಣ, ಇಂಥದ್ದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. 'ಸದರಿ', 'ಮೇಲ್ಕಂಡ', 'ಕೋರುತ್ತೇನೆ' ಎಲ್ಲ ಒತ್ತಕ್ಷರ ಸಮೇತ ಸರಿಯಾಗಿ ಬೀಳುತ್ತವೆ. ಟೈಪಿಂಗ್ ಕಲಿಯದವರಿಗೆ ಇದು ದೊಡ್ಡ ಉಪಕಾರ. ನಾನು ಕಲಿತದ್ದು 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ. ಆ ಕೀಲಿಮಣೆಯ ವಿನ್ಯಾಸ ಮಾಡಿದ ಕೆ.ಪಿ. ರಾವ್ ನಮ್ಮ ಕಡೆಯವರೇ, ಮಂಗಳೂರು ಹತ್ತಿರದ ಕಿನ್ನಿಕಂಬಳದವರು. ಕಿವಿಗೆ ಕೇಳುವ ಕ್ರಮದಲ್ಲೇ ಬೆರಳು ಹೋಗುವಂತೆ ಅವರು ಜೋಡಿಸಿದ್ದಾರೆ. ಕ ಒತ್ತಿ, ಸ್ವರ ಒತ್ತಿ, ಕಾಗುಣಿತ ಸಿಗುತ್ತದೆ. ಹಾಗಾಗಿ ಕೀಲಿಮಣೆಯಿಂದ ಮೈಕಿಗೆ ಬಂದಾಗ ನನಗೇನೂ ಪರದೇಶಕ್ಕೆ ಬಂದ ಹಾಗೆ ಅನಿಸಲಿಲ್ಲ.

ಇನ್ನು ತೊಂದರೆ. ನಾನು ಬಳಸುವ ಆ್ಯಪ್ ಕನ್ನಡದಲ್ಲಿ ತಾನಾಗಿ ಪೂರ್ಣವಿರಾಮ ಹಾಕುವುದಿಲ್ಲ. ಎಲ್ಲ ಒಂದೇ ಉದ್ದದ ಸಾಲು, ಎಲ್ಲಿ ಕಡಿಯಬೇಕೆಂದು ನಾವೇ ನೋಡಬೇಕು. ಫೋನಿನಲ್ಲಿ ಬರುವುದು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರು, ಫೋನುಗಳಿಗೆ ಒಂದೇ ಆದ ಅಕ್ಷರ ಸಂಕೇತ; ಹಳೆಯ ಫಾಂಟುಗಳ ಸಂಕೇತ ಬೇರೆ. ಹಳೆಯ ನುಡಿ ಫಾಂಟಿನಲ್ಲಿ ಪುಟ ಕಟ್ಟುವವರು ಕನ್ವರ್ಟರಿಗೆ ಹಾಕಿ, ಅರ್ಕಾವತ್ತು ಎಲ್ಲಿ ಹಾರಿದೆ ಎಂದು ಇನ್ನೊಮ್ಮೆ ಹುಡುಕಬೇಕು. ಇದೆಲ್ಲ ಸಣ್ಣದು, ಅಭ್ಯಾಸ ಆಗುತ್ತದೆ.

ಹೆಸರುಗಳದ್ದು ಹಾಗಲ್ಲ. ಒಂದು ನೇಮದ ಆಮಂತ್ರಣದಲ್ಲಿ 'ಪಡುಮನೆ ಕುಟುಂಬಸ್ಥರು' ಎಂದು ಹೇಳಿದ್ದೆ. ಬಂದದ್ದು 'ಪಡೆದು ಮನೆ ಕುಟುಂಬಸ್ಥರು'. ನಮ್ಮಲ್ಲಿ ಮೂಡು, ಪಡು, ಬೈಲು ಇಲ್ಲದ ಮನೆ ಹೆಸರು ಎಷ್ಟಿವೆ ಹೇಳಿ! ಈ ತಂತ್ರಜ್ಞಾನ ಕೆಲಸ ಮಾಡುವುದೇ ಊಹೆಯ ಮೇಲೆ. ಕಲಿಸುವಾಗ ಅದಕ್ಕೆ ರಾಶಿಗಟ್ಟಲೆ ಮಾತು, ರಾಶಿಗಟ್ಟಲೆ ಬರಹ ಕೊಟ್ಟಿರುತ್ತಾರೆ. ಕೇಳಿದ ಸದ್ದಿಗೆ ಹತ್ತಿರದ, ಅದರಲ್ಲೂ ತಾನು ಜಾಸ್ತಿ ಕಂಡ ಪದವನ್ನು ಅದು ಹಾಕುತ್ತದೆ. ಪಡುಮನೆಯನ್ನು ಅದು ಎಲ್ಲಿ ಕಂಡಿರಬೇಕು? ಪ್ರೂಫಿನಲ್ಲಿ ಹಿಡಿದೆ, ಬಚಾವಾದೆ. ಕಾಗದದಲ್ಲಿ ಹೆಸರು ತಪ್ಪಿದರೆ ಮನೆಯವರ ಮನಸ್ಸು ಎಷ್ಟು ನೋಯುತ್ತದೆ ಎಂದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು.

ಗಿರಾಕಿಗಳೂ ಬದಲಾಗಿದ್ದಾರೆ. ಮೊದಲು ಮ್ಯಾಟರ್ ಕೈಯಲ್ಲಿ ಬರೆದು ತರುತ್ತಿದ್ದರು, ಕ್ಯಾಲೆಂಡರಿನ ಹಿಂದೆ, ನೋಟ್‌ಬುಕ್ಕಿನ ಹಾಳೆಯಲ್ಲಿ. ಈಗ 'ವಾಯ್ಸ್ ಹಾಕಿದ್ದೇನೆ, ಕೇಳಿ ಮಾಡಿ' ಎನ್ನುತ್ತಾರೆ. ಏಳು ನಿಮಿಷದ ವಾಯ್ಸ್‌ನಲ್ಲಿ ಆರನೇ ನಿಮಿಷಕ್ಕೆ ಮುಹೂರ್ತ ಬರುತ್ತದೆ. ಲತ ಎಂದರೋ ಲತಾ ಎಂದರೋ ಕಿವಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಅಂಗಡಿಯಲ್ಲಿ ಒಂದು ನಿಯಮ ಮಾಡಿದ್ದೇನೆ: ಹೆಸರು, ತಾರೀಕು, ಮುಹೂರ್ತ ಮಾತ್ರ ಕಾಗದದಲ್ಲಿ ಬರೆದು ಫೋಟೋ ಕಳಿಸಬೇಕು. ಉಳಿದದ್ದು ಬಾಯಲ್ಲಿ ಹೇಳಿದರೆ ಸಾಕು.

ಈ ವಿಮರ್ಶೆ ಬರೆಯಲು ಕುಳಿತದ್ದು ಮಾತ್ರ ಅಮ್ಮನ ವಿಷಯ ಹೇಳಲಿಕ್ಕೆ. ಅಮ್ಮ ಕುಂದಾಪುರ ಕಡೆಯವರು, ಈಗ 71. ಕಣ್ಣು ಮಂಜಾದ ಮೇಲೆ ಚಿಕ್ಕಮ್ಮನಿಗೆ ಮೆಸೇಜ್ ಮಾಡಲು ಆಗುತ್ತಿರಲಿಲ್ಲ. ನಾನೇ ಮೈಕ್ ಒತ್ತಿ ಕೊಟ್ಟೆ. ಎರಡೂ ಕೈಯಲ್ಲಿ ಫೋನು ಹಿಡಿದು, ಬಾಯಿಗೆ ತೀರಾ ಹತ್ತಿರ ತಂದು, 'ಮಳಿ ಜೋರಿತ್ತ್, ನಾಳಿಗೆ ಬಪ್ಪುಕಾತಿಲ್ಲ' ಎಂದರು. ತೆರೆಯ ಮೇಲೆ ಬಂದದ್ದು 'ಮಳೆ ಜೋರಿತ್ತು ನಾಳೆಗೆ ಬಪ್ಪ'. ಉಳಿದದ್ದು ಬರಲೇ ಇಲ್ಲ. ಅಮ್ಮ ನೋಡದೆ ಕಳಿಸಿಬಿಟ್ಟರು. ಕುಂದಗನ್ನಡದಲ್ಲಿ 'ಇತ್ತ್' ಎಂದರೆ ಇದೆ ಎಂದು ಅರ್ಥ. ಕೊನೆಗೆ ಉಕಾರ ಸೇರಿಸಿದ್ದೇ ತಡ, ಸುರಿಯುತ್ತಿರುವ ಮಳೆ ನಿಂತುಹೋಯಿತು! 'ಬಪ್ಪ' ಎಂದರೆ ಬರೋಣ. ಬರುವುದಿಲ್ಲ ಎಂದವರು ಬರೋಣ ಎಂದ ಹಾಗಾಯಿತು. ಮರುದಿನ ಚಿಕ್ಕಮ್ಮ ಇಬ್ಬರಿಗೆ ಜಾಸ್ತಿ ಅಡುಗೆ ಮಾಡಿ ಕಾದಿದ್ದರು.

ಅದಕ್ಕಿಂತ ನೋವಾದದ್ದು ಆಮೇಲೆ. ಎರಡು ವಾರದಲ್ಲಿ ಅಮ್ಮ ತಾವೇ ಒಂದು ಉಪಾಯ ಕಂಡುಕೊಂಡರು. ಮೈಕ್ ಒತ್ತಿದ ಕೂಡಲೇ ಬೆನ್ನು ನೆಟ್ಟಗೆ ಮಾಡಿ, 'ಮಳೆ ಜೋರಾಗಿ ಬರುತ್ತಿದೆ. ನಾಳೆ ಬರಲು ಆಗುವುದಿಲ್ಲ' ಎಂದು ಆಕಾಶವಾಣಿಯ ವಾರ್ತೆ ಓದುವ ಹಾಗೆ ಬಿಡಿಸಿ ಹೇಳತೊಡಗಿದರು. ಒಂದಕ್ಷರವೂ ತಪ್ಪದೆ ಬಂತು. ಅಕ್ಕ ತಂಗಿಯರು 60 ವರ್ಷದಿಂದ ಆಡಿದ ಮಾತು ಮಾತ್ರ ಅದರಲ್ಲಿ ಇರಲಿಲ್ಲ. 'ಅಕ್ಕಂಗೆ ನನ್ನ ಮೇಲೆ ಸಿಟ್ಟಿತ್ತಾ?' ಎಂದು ಚಿಕ್ಕಮ್ಮ ನನಗೆ ಫೋನ್ ಮಾಡಿ ಕೇಳಿದರು. ನನಗೆ ಗಂಟಲು ಕಟ್ಟಿತು.

1843ರ ಜುಲೈ 1ರಂದು ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ತಂದದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚಿನಲ್ಲಿ ಕೈಬರಹವೇ ಅಚ್ಚಾಗುತ್ತದೆ, ಬರೆದವರ ಅಕ್ಷರದ ಓರೆಕೋರೆ ಸಮೇತ. ಅಚ್ಚಿನ ಮೊಳೆ ಬಂದ ಮೇಲೆ ಎಲ್ಲರ ಅಕ್ಷರವೂ ಒಂದೇ ಥರ ಆಯಿತು. ಅಕ್ಷರಕ್ಕೆ ಆಗ ಆದದ್ದು ಮಾತಿಗೆ ಈಗ ಆಗುತ್ತಿದೆ ಅಂತ ಅನಿಸುತ್ತದೆ. ಅಕ್ಷರ ಒಂದೇ ಥರ ಆದದ್ದರಿಂದ ಓದುವವರಿಗೆ ಲಾಭವೇ ಆಯಿತು. ಅಮ್ಮನ ಮಾತು ಒಂದೇ ಥರ ಆದರೆ ಯಾರಿಗೆ ಲಾಭ?

ತುಳುವಿನವರ ಕಷ್ಟ ಇನ್ನೂ ಜಾಸ್ತಿ. ನನ್ನ ಕೀಬೋರ್ಡಿನ ಧ್ವನಿ ಪಟ್ಟಿಯಲ್ಲಿ ತುಳು ಇಲ್ಲವೇ ಇಲ್ಲ. ಹೇಳುತ್ತಾ ಹೇಳುತ್ತಾ ಗಿರಾಕಿ ತುಳುವಿಗೆ ಜಾರಿದರೆ ಅದು ಏನಾದರೂ ಒಂದು ಕನ್ನಡ ಮಾಡಿಬಿಡುತ್ತದೆ. 2024ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿ ಯೂನಿಕೋಡ್ ಸೇರಿತು, ಬಹಳ ಖುಷಿಪಟ್ಟೆ. ಆಡುವ ತುಳುವಿಗೂ ಅಂಥ ದಿನ ಬರಲಿ.

ಐದರಲ್ಲಿ ಮೂರೂವರೆ ಕೊಡುತ್ತೇನೆ. ಅರ್ಜಿ, ವರದಿ ಬರೆಯುವವರು, ಕೈ ನೋವಿರುವವರು ಧೈರ್ಯವಾಗಿ ಬಳಸಿ, ಪ್ರೂಫ್ ಬಿಡಬೇಡಿ. ಮನೆಯ ಹಿರಿಯರಿಗೆ ಮಾತ್ರ ಇದನ್ನು ಕಲಿಸಬೇಡಿ, ವಾಯ್ಸ್ ಮೆಸೇಜ್ ಕಲಿಸಿ. ಅಮ್ಮ ಈಗ ಹಾಗೇ ಕಳಿಸುತ್ತಾರೆ. ಚಿಕ್ಕಮ್ಮ ಒಂದೊಂದನ್ನು ಎರಡು ಸಲ ಕೇಳುತ್ತಾರಂತೆ. ಅವುಗಳ ಕಾಪಿ ಬೇರೆ ಕಡೆ ಇಟ್ಟುಕೊಳ್ಳಿ. ಫೋನ್ ಬದಲಿಸುವಾಗ ಅಮ್ಮ ಹೇಳಿದ ಹಳೆಯ ನಾಟಿ ಹಾಡುಗಳು ಹೋದವು, ಇನ್ನೂ ಸಂಕಟ ಆಗುತ್ತದೆ.

ಉಳಿದ ವಾಯ್ಸ್‌ಗಳನ್ನು ಅಂಗಡಿ ಮುಚ್ಚಿದ ಮೇಲೆ ಕೇಳಿ ಕೇಳಿ ಟೈಪ್ ಮಾಡುತ್ತಿದ್ದೇನೆ, ಕೈಯಲ್ಲೇ. 11 ಪುಟ ಆಗಿದೆ. 'ಇತ್ತ್' ಎಂದು ಅಮ್ಮ ಹೇಳಿದಲ್ಲೆಲ್ಲ ಇತ್ತ್ ಎಂದೇ ಹೊಡೆಯುತ್ತೇನೆ.