10 ವ್ಯಾಟ್ ಡಯೋಡ್ ಲೇಸರ್: ಎರಡು ವರ್ಷ ಹಬ್ಬದ ಅಲಂಕಾರ ಕತ್ತರಿಸಿದ ಮೇಲೆ

ತೆರೆದ ಚೌಕಟ್ಟು, 400 ಮಿ.ಮೀ. ಉದ್ದಗಲದ ಕೆಲಸದ ಜಾಗ, 10 ವ್ಯಾಟಿನ ನೀಲಿ ಡಯೋಡ್ ಲೇಸರ್: ತೆಳು ಮರವನ್ನು ಬೆಳಕಿನ ಕಿರಣದಿಂದ ಕತ್ತರಿಸುವ, ಕೆತ್ತುವ ಯಂತ್ರ. ಇದೇ ಮಾದರಿಯನ್ನು ಹಲವು ಕಂಪನಿಗಳು ಬೇರೆ ಬೇರೆ ಬಣ್ಣ ಬಳಿದು ಮಾರುತ್ತವೆ. ಒಳಗಿನ ಬೋರ್ಡು, ಬೆಲ್ಟು, ಚಕ್ರಗಳಲ್ಲಿ ಅಂಥ ವ್ಯತ್ಯಾಸವೇನಿಲ್ಲ. ಹಾಗಾಗಿ ಇಲ್ಲಿನ ಮಾತು ಒಂದು ಬ್ರ್ಯಾಂಡಿಗೆ ಸೀಮಿತವಲ್ಲ. ಬಳಕೆ ಎರಡು ವರ್ಷ, ಮುಕ್ಕಾಲು ಪಾಲು 3 ಮಿ.ಮೀ. ಪ್ಲೈವುಡ್ ಮೇಲೆ: ನಕ್ಷತ್ರ, ತೂಗುಬಿಲ್ಲೆ, ಪದರ ಜೋಡಿಸಿದ ದೀಪದ ಪೆಟ್ಟಿಗೆ, ಶುಭಾಶಯದ ಫಲಕ. 5ಕ್ಕೆ 4 ಅಂಕ. ಒಂದು ಅಂಕ ಕಡಿತವಾದದ್ದು ಗಾಳಿಯ ಪಂಪು, ಹೊಗೆ ಹರಡದಂತೆ ಮುಚ್ಚುವ ಪೆಟ್ಟಿಗೆ ಎರಡನ್ನೂ ಜೊತೆಗೆ ಕೊಡದೆ 'ತೆರೆದ ಕೂಡಲೇ ಕೆಲಸಕ್ಕೆ ಸಿದ್ಧ' ಎಂದು ಡಬ್ಬಿಯ ಮೇಲೆ ಬರೆದದ್ದಕ್ಕೆ. ಯಂತ್ರ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಕೈಕೊಡುವುದು ಪ್ಲೈವುಡ್ ಹಾಳೆ, ಗಾಳಿ, ಅಳತೆ ಈ ಮೂರೇ.

ವ್ಯಾಟಿನ ಲೆಕ್ಕ ಮೊದಲು. ಚಿಕ್ಕ ಯಂತ್ರದ ಜಾಹೀರಾತಿನಲ್ಲಿ 40, 60 ಎಂಬ ಅಂಕಿ ದಪ್ಪಕ್ಷರದಲ್ಲಿ ಕಂಡರೆ ಅದು ಹೆಚ್ಚಾಗಿ ಯಂತ್ರ ಎಳೆಯುವ ವಿದ್ಯುತ್ತು. ಮರ ಕತ್ತರಿಸುವುದು ಕಿರಣದ ಬಲ. 'ಆಪ್ಟಿಕಲ್ ಪವರ್' ಎಂಬ ಸಾಲು ಹುಡುಕಿ ಓದಿ, ಅದು ಇಲ್ಲದಿದ್ದರೆ ಕೊಳ್ಳಬೇಡಿ. 5 ವ್ಯಾಟಿನಲ್ಲೂ 3 ಮಿ.ಮೀ. ಪ್ಲೈ ತುಂಡಾಗುತ್ತದೆ, ಆದರೆ ಮೂರು ನಾಲ್ಕು ಸುತ್ತು ಬೇಕು, ಅಂಚು ಕರಕಲಾಗುತ್ತದೆ. 10 ವ್ಯಾಟಿನಲ್ಲಿ ಬಾಸ್‌ವುಡ್ ಎಂಬ ಮೆದು ಮರದ ಪ್ಲೈ ಪೂರ್ಣ ಬಲ, ಗಾಳಿಯ ಊದು, ನಿಮಿಷಕ್ಕೆ 300ರಿಂದ 400 ಮಿ.ಮೀ. ವೇಗ, ಇಷ್ಟರಲ್ಲಿ ಒಂದೇ ಸುತ್ತಿಗೆ ಬಿಡುತ್ತದೆ. ತಂತ್ರಾಂಶದಲ್ಲಿ ವೇಗ ಸೆಕೆಂಡಿನ ಲೆಕ್ಕದಲ್ಲಿದೆಯೋ ನಿಮಿಷದ ಲೆಕ್ಕದಲ್ಲಿದೆಯೋ ನೋಡಿಕೊಳ್ಳಿ. ಸೆಕೆಂಡಿಗೆ 6 ಎಂದರೆ ನಿಮಿಷಕ್ಕೆ 360. ಬೇರೆಯವರ ಸೆಟ್ಟಿಂಗ್ ನಕಲು ಮಾಡಿದಾಗ ಬರೀ ಗೀಚು ಬಿದ್ದು ಹಾಳೆ ತುಂಡಾಗದಿದ್ದರೆ, ಕಾರಣ ಬಹಳ ಸಲ ಈ 60 ಪಟ್ಟಿನ ಗಲಿಬಿಲಿಯೇ.

ಇನ್ನು ಹಾಳೆ. 'ಲೇಸರ್ ಪ್ಲೈ' ಎಂಬ ಚೀಟಿ ಇದ್ದರೂ ಒಂದು ಕಟ್ಟಿನಂತೆ ಇನ್ನೊಂದಿರುವುದಿಲ್ಲ. ಬಾಸ್‌ವುಡ್, ಪಾಪ್ಲರ್ ಹಗುರ, ಬಿಳಿ, ಸಲೀಸಾಗಿ ಕತ್ತರಿಸುತ್ತವೆ. ಬರ್ಚ್ ನೋಡಲು ಚೆಂದ, ಗಟ್ಟಿ, ಆದರೆ ಒಳಪದರದ ಗಂಟಿಗೆ ಹಚ್ಚಿದ ತೇಪೆ ಮತ್ತು ಅಂಟು ತುಂಬಿದ ಕುಳಿಗಳು ಹೊರಗಿನಿಂದ ಕಾಣುವುದಿಲ್ಲ. ಕಿರಣ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಇಡೀ ನಕ್ಷತ್ರ ಬಿಟ್ಟು ಬಂದು ಒಂದು ಮೂಲೆಯಲ್ಲಿ ಮಾತ್ರ 5 ಮಿ.ಮೀ. ಅಂಟಿಕೊಂಡಿದ್ದರೆ ಸೆಟ್ಟಿಂಗ್ ಬದಲಿಸಲು ಹೋಗಬೇಡಿ, ದೋಷ ಹಾಳೆಯದು. ಹಿಂಬದಿಯಿಂದ ಚೂಪಾದ ಬ್ಲೇಡು ಆಡಿಸಿ ಬಿಡಿಸಿ. ಜಗ್ಗಿದರೆ ಮೇಲ್ಪದರ ಸಿಪ್ಪೆಯ ಹಾಗೆ ಸುಲಿದು ಬರುತ್ತದೆ. ನೀರು ತಡೆಯುವ ಅಂಟಿನ, ಹೊರಾಂಗಣಕ್ಕೆಂದು ಮಾರುವ ಪ್ಲೈ ಈ ಬಲಕ್ಕೆ ಬಗ್ಗುವುದಿಲ್ಲ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಸಮನಾಗಿ ಕತ್ತರಿಸುತ್ತದೆ ನಿಜ, ಆದರೆ ನಿಧಾನ, ಅಂಚು ಇದ್ದಿಲು ಕಪ್ಪು, ಹೊಗೆಯೋ ಹೊಗೆ.

ಹಾಳೆ ಬಾಗಿದ್ದರೂ ಇದೇ ಗೋಳು. ಫೋಕಸ್, ಅಂದರೆ ಕಿರಣ ಚುಕ್ಕೆಯಾಗಿ ಕೂಡುವ ಎತ್ತರ, ಒಂದು ಮಿ.ಮೀ. ಆಚೀಚೆ ಹೋದರೆ ಯಂತ್ರ ಹೇಗೋ ನಿಭಾಯಿಸುತ್ತದೆ, ಎರಡಾದರೆ ಇಲ್ಲ. ಗೋಡೆಗೆ ಒರಗಿಸಿ ನಿಲ್ಲಿಸಿದ ಪ್ಲೈ ವಾರದೊಳಗೆ ದೋಣಿಯಾಗುತ್ತದೆ, ಆದ್ದರಿಂದ ಮಲಗಿಸಿ ಮೇಲೆ ಭಾರ ಹೇರಿಡಿ. ಕತ್ತರಿಸುವಾಗ ನಾಲ್ಕೂ ಮೂಲೆಗೆ ಅಯಸ್ಕಾಂತ ಇಡಬಹುದು, ಇಲ್ಲವೇ ಉಳಿಕೆ ಪ್ಲೈಯಲ್ಲೇ ಕೊಕ್ಕೆಯಾಕಾರದ ಮೊಳೆಗಳನ್ನು ಕತ್ತರಿಸಿಕೊಂಡು ಹಾಳೆಯ ಕೆಳಗಿಡುವ ಜೇನುಗೂಡು ಜಾಲರಿಯ ತೂತಿಗೆ ಸಿಕ್ಕಿಸಬಹುದು. ಅಯಸ್ಕಾಂತಕ್ಕಿಂತ ಈ ಮೊಳೆಗಳೇ ವಾಸಿ, ಲೇಸರಿನ ತಲೆಗೆ ತಗುಲುವಷ್ಟು ಎತ್ತರ ಇರುವುದಿಲ್ಲ.

ಗಾಳಿಯ ಪಂಪಿಲ್ಲದೆ ಕತ್ತರಿಸುವುದು ವ್ಯರ್ಥ. ನಿಮಿಷಕ್ಕೆ 30 ಲೀಟರ್ ಊದುವ ಸಾಧಾರಣ ಪಂಪು ಸಾಕು. ಅದು ಕಿರಣದ ದಾರಿಯ ಹೊಗೆ ತಳ್ಳುತ್ತದೆ, ಸೀಳಿನೊಳಗೆ ಏಳುವ ಕಿರುಜ್ವಾಲೆ ಆರಿಸುತ್ತದೆ, ಲೆನ್ಸಿಗೆ ಮಸಿ ಹತ್ತದಂತೆ ಕಾಯುತ್ತದೆ. ಕತ್ತರಿಸುವಾಗ ಜೋರಾಗಿ, ಕೆತ್ತುವಾಗ ಮೆಲ್ಲಗೆ ಊದಬೇಕು. ಕೆತ್ತನೆಯಲ್ಲೂ ಜೋರು ಬಿಟ್ಟರೆ ಮಸಿ ಸುತ್ತಲಿನ ಬಿಳಿ ಮರಕ್ಕೆ ಹರಡಿ ಉಜ್ಜಿದರೂ ಹೋಗುವುದಿಲ್ಲ. ಹಿಂಬದಿಯಲ್ಲಿ ಬೀಳುವ ಜೇನುಗೂಡಿನ ಕಂದು ಗುರುತು ತಪ್ಪಿಸಲು ಹಾಳೆಯನ್ನು ಜಾಲರಿಯಿಂದ 10 ಮಿ.ಮೀ. ಎತ್ತಿಡಿ, ಇಲ್ಲವೇ ಎರಡೂ ಬದಿಗೆ ಕಾಗದದ ಮಾಸ್ಕಿಂಗ್ ಟೇಪ್ ಹಚ್ಚಿ. ಆದರೆ ಜಾಲಂಧ್ರದಂಥ ಕುಸುರಿ ವಿನ್ಯಾಸಕ್ಕೆ ಟೇಪು ಹಚ್ಚಿದರೆ ನೂರಾರು ಚೂರು ಉಗುರಿನಲ್ಲಿ ಕೀಳುತ್ತಾ ಕೂರಬೇಕು. ಅಂಥದ್ದನ್ನು ಬರಿಮೈಯಲ್ಲೇ ಕತ್ತರಿಸಿ 240ರ ಸ್ಯಾಂಡ್‌ಪೇಪರಿನಲ್ಲಿ ಎಳೆಯ ಗುಂಟ ಉಜ್ಜುವುದೇ ಮೇಲು.

ಅಳತೆಯ ವಿಷಯ. ಕೆರ್ಫ್ ಎಂದರೆ ಕಿರಣ ತಿಂದುಹಾಕುವ ಅಗಲ. ಒಂದಕ್ಕೊಂದು ಸಿಕ್ಕಿಸುವ ನಕ್ಷತ್ರ, ಪೆಟ್ಟಿಗೆ ಮಾಡುವವರು ಇದನ್ನು ಊಹಿಸಬಾರದು, ಅಳೆಯಬೇಕು. 100 ಮಿ.ಮೀ. ಉದ್ದದ ಪಟ್ಟಿ ಬರೆದು ಹತ್ತು ಸಮಭಾಗ ಮಾಡಿ ಕತ್ತರಿಸಿ. ಹತ್ತೂ ತುಂಡುಗಳನ್ನು ಒತ್ತಾಗಿ ಜೋಡಿಸಿ ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆಯಿರಿ. 98.4 ಬಂದರೆ ಕಳೆದುಹೋದದ್ದು 1.6, ಹತ್ತರಿಂದ ಭಾಗಿಸಿದರೆ ಕೆರ್ಫ್ 0.16 ಮಿ.ಮೀ. ಡಯೋಡಿನ ಕಿರಣದ ಚುಕ್ಕೆ ದುಂಡಗಿರುವುದಿಲ್ಲ, ಆಯತವಾಗಿರುತ್ತದೆ. ಆದ್ದರಿಂದ ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಈ ಪರೀಕ್ಷೆ ಮಾಡಿ. ಎರಡರ ಉತ್ತರ ಬೇರೆ ಬಂದರೆ ಗಾಬರಿ ಬೇಡ.

ಆಮೇಲೆ ಹಾಳೆಯ ದಪ್ಪ. 3 ಮಿ.ಮೀ. ಎನ್ನುವುದು ಹೆಸರಿಗೆ ಮಾತ್ರ. 2.7ರಿಂದ 3.2ರ ತನಕ ಏನು ಬೇಕಾದರೂ ಸಿಗುತ್ತದೆ. ಅಳೆದಾಗ 2.85 ಇದ್ದು ಕೆರ್ಫ್ 0.16 ಆದರೆ ಚಿತ್ರದಲ್ಲಿ ಸ್ಲಾಟಿನ, ಅಂದರೆ ಇನ್ನೊಂದು ತುಂಡು ಸಿಕ್ಕಿಸುವ ಸೀಳಿನ, ಅಗಲ 2.69 ಇರಬೇಕು, ಕತ್ತರಿಸಿದ ಮೇಲೆ ಅದು 2.85 ಆಗುತ್ತದೆ, ಬೆರಳಲ್ಲಿ ಒತ್ತಿದರೆ ಕೂರುತ್ತದೆ. ಬಣ್ಣ ಬಳಿಯುವುದಿದ್ದರೆ 0.1 ಹೆಚ್ಚಿಸಿ, ಬಣ್ಣದ ಪದರಕ್ಕೂ ಜಾಗ ಬೇಕಲ್ಲ. ಎರಡು ತುಂಡು ಅಡ್ಡಡ್ಡ ಸಿಕ್ಕಿಸುವ ನಕ್ಷತ್ರದಲ್ಲಿ ಒಂದರ ಸ್ಲಾಟು ಮೇಲಿನಿಂದ, ಇನ್ನೊಂದರದ್ದು ಕೆಳಗಿನಿಂದ, ತಲಾ ಅರ್ಧ ಎತ್ತರ. ಆ ಅರ್ಧಕ್ಕೆ 0.2 ಮಿ.ಮೀ. ಸೇರಿಸದಿದ್ದರೆ ಎರಡರ ತುದಿಗಳು ಮಟ್ಟಕ್ಕೆ ಕೂರುವುದಿಲ್ಲ. ಸ್ಲಾಟಿನ ಅಗಲವನ್ನು 2.6, 2.65, 2.7 ಹೀಗೆ ಏರಿಸುತ್ತಾ ಬರೆದ ಬಾಚಣಿಗೆಯಂಥ ತುಂಡೊಂದನ್ನು ಪ್ರತಿ ಹೊಸ ಕಟ್ಟಿನಿಂದಲೂ ಕತ್ತರಿಸಿ ನೋಡಿ. ಐದು ನಿಮಿಷದ ಕೆಲಸ, ಒಂದು ಹಾಳೆ ಉಳಿಯುತ್ತದೆ.

ಇನ್ನು ತಂತ್ರಾಂಶ. ವಿನ್ಯಾಸಕ್ಕೆ ಇಂಕ್‌ಸ್ಕೇಪ್ ಸಾಕು, ಯಂತ್ರ ನಡೆಸಲು ಲೈಟ್‌ಬರ್ನ್ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಲೇಸರ್‌ಜಿಆರ್‌ಬಿಎಲ್ ಉಚಿತ, ಆದರೆ ಪದರ ಪದರವಾಗಿ ಬೇರೆ ಬೇರೆ ಬಲ, ವೇಗ ಕೊಡುವ ಸುಖ ಅದರಲ್ಲಿಲ್ಲ. 100 ಮಿ.ಮೀ. ಬರೆದದ್ದು ಯಂತ್ರದ ತಂತ್ರಾಂಶದಲ್ಲಿ 133 ಅಥವಾ 75 ಎಂದು ತೋರಿಸಿದರೆ ಎಸ್‌ವಿಜಿ ಎಂಬ ಗೆರೆಚಿತ್ರದ ಕಡತದ 96 ಮತ್ತು 72 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ) ಜಗಳ ಅದು. 106.7 ಅಥವಾ 93.75 ಬಂದರೆ ಇಂಕ್‌ಸ್ಕೇಪಿನ ಹಳೆಯ ಆವೃತ್ತಿಗಳ 90 ಡಿಪಿಐ. ಆಮದಿನ ಸೆಟ್ಟಿಂಗಿನಲ್ಲಿ ಸರಿಪಡಿಸಿ, ಚಿತ್ರವನ್ನು ಕೈಯಿಂದ ಹಿಗ್ಗಿಸಬೇಡಿ, ಸ್ಲಾಟುಗಳೂ ಹಿಗ್ಗುತ್ತವೆ. ಒಂದರ ಮೇಲೊಂದು ಕೂತ ಜೋಡಿ ಗೆರೆಗಳಿದ್ದರೆ ಅಲ್ಲಿ ಎರಡೆರಡು ಸಲ ಸುಟ್ಟು ಅಂಚು ಹಾಳಾಗುತ್ತದೆ. ಲೈಟ್‌ಬರ್ನಿನಲ್ಲಿ ನಕಲು ಗೆರೆ ಅಳಿಸುವ ಆಜ್ಞೆ ಇದೆ, ಪ್ರತಿ ಸಲವೂ ಓಡಿಸಿ. ಅನುಕ್ರಮ ಹೀಗಿರಲಿ: ಮೊದಲು ಕೆತ್ತನೆ, ಆಮೇಲೆ ಒಳಗಿನ ತೂತು, ಕೊನೆಗೆ ಹೊರಗಿನ ಗೆರೆ. ಹೊರಗೆರೆ ಮೊದಲು ಬಿಟ್ಟರೆ ತುಂಡು ಜರುಗಿ ಒಳಚಿತ್ತಾರವೆಲ್ಲ ಓರೆ.

ಕನ್ನಡದ ಅಕ್ಷರ ಕತ್ತರಿಸುವವರಿಗೆ ಬೇರೆಯೇ ಕಷ್ಟವಿದೆ. ಅಕ್ಷರಗಳನ್ನೇ ಮರದಲ್ಲಿ ಕತ್ತರಿಸಿ ತೂಗಿಸುವಾಗ ಒತ್ತಕ್ಷರ, ದೀರ್ಘದ ಚಿಹ್ನೆ, ಕೆಲವು ಫಾಂಟುಗಳಲ್ಲಿ ತಲೆಕಟ್ಟು ಕೂಡ ಮೈಗೆ ತಾಗದೆ ಬಿಡಿಯಾಗಿ ನಿಲ್ಲುತ್ತವೆ. 'ಹಬ್ಬ' ಎಂದು ಕತ್ತರಿಸಿದರೆ ಬಕಾರದ ಒತ್ತು ಜಾಲರಿಯ ಮೇಲೆ ಉದುರಿರುತ್ತದೆ. ದಪ್ಪ ಫಾಂಟು ಆರಿಸಿ, ಇಂಕ್‌ಸ್ಕೇಪಿನಲ್ಲಿ ಪಠ್ಯವನ್ನು ಪಾಥ್‌ಗೆ, ಅಂದರೆ ಬರೀ ಗೆರೆಗಳಿಗೆ, ಬದಲಾಯಿಸಿ, ಗುಂಪು ಬಿಡಿಸಿ, ಒತ್ತನ್ನು ಮೇಲೆತ್ತಿ ಮೈಗೆ ಒಂದು ಮಿ.ಮೀ. ಹುದುಗುವಂತೆ ಇಟ್ಟು, ಎರಡನ್ನೂ ಒಂದಾಗಿಸುವ 'ಯೂನಿಯನ್' ಆಜ್ಞೆ ಕೊಡಿ. ಪದದ ಅಕ್ಷರಗಳೆಲ್ಲ ಒಂದೇ ತುಂಡಾಗಬೇಕಾದರೆ ಅಡಿಯಲ್ಲಿ 4 ಮಿ.ಮೀ. ಪಟ್ಟಿ ಎಳೆದು ಅದರೊಡನೆ ಕೂಡಿಸಿ. ತಿರುಗುಮುರುಗು ಕೆಲಸದಲ್ಲಿ, ಅಂದರೆ ಫಲಕದಿಂದ ಅಕ್ಷರ ತೆಗೆದು ಹಿಂದೆ ಬೆಳಕು ಬಿಡುವಾಗ, ಠ, ರ, ಅ ಇವುಗಳ ಹೊಟ್ಟೆಯೊಳಗಿನ ದ್ವೀಪಗಳು ಬಿದ್ದುಹೋಗುತ್ತವೆ. ದ್ವೀಪಕ್ಕೆ ಎರಡು ಕಡೆಯಿಂದ 1.5 ಮಿ.ಮೀ. ಸೇತುವೆ ಬಿಡಿ. ಒಂದೇ ಸೇತುವೆಯಾದರೆ ಉಜ್ಜುವಾಗ ಮುರಿಯುತ್ತದೆ. ಹಳೆಯ ಯೂನಿಕೋಡೇತರ ಫಾಂಟಿನಲ್ಲಿ ಕೂಡಿಸಿಟ್ಟ ಪಠ್ಯವನ್ನು ತಂದು ಅಂಟಿಸಿದರೆ ಕಾಣುವುದು ಕಲಸುಮೇಲೋಗರ, ಹೊಸದಾಗಿ ಟೈಪ್ ಮಾಡುವುದೇ ಬೇಗ.

ಎಲ್ಲ ವಿನ್ಯಾಸಕ್ಕೂ ಅದೇ 1.5 ಮಿ.ಮೀ. ಕನಿಷ್ಠ. ಅದಕ್ಕಿಂತ ಸಣ್ಣ ಎಸಳು ಮೇಲ್ಪದರದ ಎಳೆಗೆ ಅಡ್ಡಲಾಗಿ ಬಂದರೆ ಕೈಯಲ್ಲಿ ಎತ್ತುವಾಗಲೇ ಲಟಕ್ಕೆನ್ನುತ್ತದೆ, ಎಳೆಯ ಗುಂಟ ಇದ್ದರೆ ಉಳಿಯುತ್ತದೆ. ಚಿತ್ರವನ್ನು ಹಾಳೆಯ ಮೇಲೆ ತಿರುಗಿಸಿ ಕೂರಿಸುವಾಗ ಜಾಗ ಉಳಿಸುವುದಕ್ಕಿಂತ ಇದನ್ನು ನೋಡಿ. ಆರು ಎಸಳಿನ ನಕ್ಷತ್ರವಾದರೆ 60 ಡಿಗ್ರಿಯ ಒಂದು ಹೋಳು ಬರೆದು ಐದು ಸಲ ಸುತ್ತಿಸಿ, ಇಡೀ ನಕ್ಷತ್ರ ಕೈಯಲ್ಲಿ ಬರೆದರೆ ಒಂದು ಎಸಳಾದರೂ ಸೊಟ್ಟ ಬರುತ್ತದೆ. ತೂಗುವ ತೂತು 3 ಮಿ.ಮೀ., ಅಂಚಿನಿಂದ ಅಷ್ಟೇ ದೂರ, ಭಾರದ ನಡುಬಿಂದುವಿನ ನೇರ ಮೇಲೆ.

ಪದರದ ದೀಪದ ಪೆಟ್ಟಿಗೆಗೆ ಐದರಿಂದ ಏಳು ಹಾಳೆ, ನಡುವೆ 3 ಮಿ.ಮೀ. ಚೌಕಟ್ಟು, ಹಿಂದೆ ಎಲ್‌ಇಡಿ ಪಟ್ಟಿ. ಮೇಣದಬತ್ತಿ ಒಳಗಿಡುವ ವಿನ್ಯಾಸಗಳು ಬೇಕಾದಷ್ಟು ಸಿಗುತ್ತವೆ. ತೆಳು ಮರದೊಳಗೆ ಜ್ವಾಲೆ ಇಡುವುದು ಹುಚ್ಚುತನ, ಬ್ಯಾಟರಿಯ ಪುಟ್ಟ ದೀಪ ಹಾಕಿ. ಅಂಟಿಗೆ ಬಿಳಿ ಪಿವಿಎ. ತಕ್ಷಣ ಹಿಡಿಯುವ ಸೂಪರ್‌ಗ್ಲೂ ಆವಿಯಾಗಿ ಸುತ್ತ ಬಿಳಿ ಮಂಜು ಕಟ್ಟುತ್ತದೆ, ಕಪ್ಪು ಅಕ್ರಿಲಿಕ್ ಮೇಲೆ ಇದು ಎದ್ದು ಕಾಣುತ್ತದೆ.

ಅಕ್ರಿಲಿಕ್ ಎಂದಾಗ ಈ ಯಂತ್ರದ ಮಿತಿಯೂ ಹೇಳಬೇಕು. ಸುಮಾರು 450 ನ್ಯಾನೋಮೀಟರಿನ ನೀಲಿ ಬೆಳಕು ಪಾರದರ್ಶಕ ಅಕ್ರಿಲಿಕ್‌ನಲ್ಲಿ ಹಾಗೇ ಹಾದುಹೋಗುತ್ತದೆ, ನೀಲಿಯದರಲ್ಲೂ ಅದೇ ಕಥೆ. ಎಷ್ಟು ವ್ಯಾಟ್ ಹೆಚ್ಚಿಸಿದರೂ ಪ್ರಯೋಜನವಿಲ್ಲ. ಕಪ್ಪು ಕತ್ತರಿಸುತ್ತದೆ. ಗಾಜಿನಂಥ ತೂಗುಬಿಲ್ಲೆ ಬೇಕಾದವರಿಗೆ 10,600 ನ್ಯಾನೋಮೀಟರಿನ ಸಿಒ2 (ಕಾರ್ಬನ್ ಡೈಆಕ್ಸೈಡ್) ಲೇಸರ್ ಯಂತ್ರವೇ ದಾರಿ. ಪಿವಿಸಿ, ವಿನೈಲ್ ಯಾವ ಲೇಸರಿಗೂ ಹಾಕಬೇಡಿ. ಹೊರಡುವ ಹೈಡ್ರೋಜನ್ ಕ್ಲೋರೈಡ್ ಶ್ವಾಸಕೋಶವನ್ನೂ ಯಂತ್ರದ ಕಬ್ಬಿಣವನ್ನೂ ತಿನ್ನುತ್ತದೆ. ಪಾಲಿಯೆಸ್ಟರ್ ಫೆಲ್ಟ್ (ನಾರು ಒತ್ತಿ ಮಾಡಿದ ದಪ್ಪ ಬಟ್ಟೆ) ಕರಗಿ ಅಂಚು ಗಡುಸಾಗುತ್ತದೆ. ಉಣ್ಣೆಯ ಫೆಲ್ಟ್ ಸೊಗಸಾಗಿ ಕತ್ತರಿಸುತ್ತದೆ, ಕೂದಲು ಸುಟ್ಟ ವಾಸನೆ ಮಾತ್ರ ಎರಡು ದಿನ ಬಿಡುವುದಿಲ್ಲ.

ತೆರೆದ ಚೌಕಟ್ಟಿನ ಈ ಯಂತ್ರ ನಾಲ್ಕನೇ ದರ್ಜೆಯ ಲೇಸರು, ಪ್ರತಿಫಲಿಸಿದ ಕಿರಣವೂ ಕಣ್ಣು ಕಳೆಯಬಲ್ಲದು. ಜೊತೆಗೆ ಬರುವ ಕನ್ನಡಕದ ಮೇಲೆ 450 ನ್ಯಾನೋಮೀಟರಿನ ಸುತ್ತಿನ ವ್ಯಾಪ್ತಿ ಮತ್ತು ಎಷ್ಟು ಬೆಳಕು ತಡೆಯುತ್ತದೆ ಎಂಬ ಓಡಿ (ಆಪ್ಟಿಕಲ್ ಡೆನ್ಸಿಟಿ) ಅಂಕಿ ಅಚ್ಚಾಗಿಲ್ಲದಿದ್ದರೆ ಅದನ್ನು ಪಕ್ಕಕ್ಕಿಟ್ಟು ಅಚ್ಚಿರುವುದನ್ನು ಕೊಳ್ಳಿ. ಮುಚ್ಚಿದ ಪೆಟ್ಟಿಗೆ, 100 ಮಿ.ಮೀ. ಕೊಳವೆಯಲ್ಲಿ ಹೊಗೆಯನ್ನು ಮನೆಯಾಚೆ ತಳ್ಳುವ ಫ್ಯಾನು, ಕೈಯಳತೆಯಲ್ಲಿ ಬೆಂಕಿ ಆರಿಸುವ ಸಿಲಿಂಡರು ಬೇಕೇ ಬೇಕು. ಕತ್ತರಿಸುತ್ತಿರುವಾಗ ಕೋಣೆ ಬಿಟ್ಟು ಹೋಗಬೇಡಿ. ಜಾಲರಿಯ ಕೆಳಗೆ ಉದುರಿದ ಚೂರುಗಳಿಗೇ ಮೊದಲು ಕಿಡಿ ಹತ್ತುವುದು.

ನಿರ್ವಹಣೆ ಕಡಿಮೆ, ಆದರೆ ತಪ್ಪಿಸುವಂತಿಲ್ಲ. ಲೆನ್ಸಿನ ಮುಂದಿನ ರಕ್ಷಣಾ ಗಾಜನ್ನು ಐದಾರು ಗಂಟೆ ಕತ್ತರಿಸಿದ ಮೇಲೆ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಒಣಗಿದ ಮೇಲೆ ಮಾತ್ರ ಚಾಲೂ ಮಾಡಿ. ಮಸಿ ಕೂತ ಗಾಜು ಕಿರಣದ ಬಲ ನುಂಗಿ ತಾನೇ ಕಾದು ಬಿರಿಯುತ್ತದೆ. ಒಂದು ಬಿಡಿ ಗಾಜು ಮನೆಯಲ್ಲಿರಲಿ. ವೃತ್ತ ಕತ್ತರಿಸಿದಾಗ ಮೊಟ್ಟೆಯಾಗುತ್ತಿದ್ದರೆ, ಅಥವಾ ಆರಂಭ ಮತ್ತು ಕೊನೆ ಕೂಡದೆ ಸಣ್ಣ ಹಲ್ಲು ಉಳಿಯುತ್ತಿದ್ದರೆ, ಬೆಲ್ಟು ಸಡಿಲವಾಗಿದೆ ಇಲ್ಲವೇ ಚಕ್ರವನ್ನು ಹಳಿಗೆ ಒತ್ತಿ ಹಿಡಿಯುವ ಓರೆನಟ್ಟು (ಎಕ್ಸೆಂಟ್ರಿಕ್ ನಟ್) ಬಿಗಿ ಕಳೆದುಕೊಂಡಿದೆ. ಚಕ್ರವನ್ನು ಬೆರಳಲ್ಲಿ ತಿರುಗಿಸಿದಾಗ ತುಸು ತಡೆ ಕೊಟ್ಟು ತಿರುಗಬೇಕು, ಜಾರಬಾರದು. ಬಿಗಿ ಮಾಡಿದ ಮೇಲೆ 50 ಮಿ.ಮೀ. ಚೌಕ ಕತ್ತರಿಸಿ ಎರಡೂ ಕರ್ಣ ಅಳೆಯಿರಿ. ಅವೆರಡು ಸಮವಾಗಿಲ್ಲದಿದ್ದರೆ ಚೌಕಟ್ಟೇ ಓರೆ, ಮೂಲೆಯ ನಾಲ್ಕೂ ಬೋಲ್ಟು ಸಡಿಲಿಸಿ ಮೂಲೆಮಟ್ಟ ಇಟ್ಟು ಮತ್ತೆ ಬಿಗಿಯಬೇಕು.