ಕದದಂತೆ ತೆರೆಯುವ ಗೋಡೆ, ಅದರ ಹಿಂದೊಂದು ಮತಗಟ್ಟೆ

ಲಂಡನ್ನಿನ ಮಗಳ ಮನೆಗೆ ಹೋದವನು ಎರಡೆರಡು ಸಲ ನೋಡಿದ್ದು ಒಂದೇ ಜಾಗ: ಲಿಂಕನ್ಸ್ ಇನ್ ಫೀಲ್ಡ್ಸ್‌ನ ಸರ್ ಜಾನ್ ಸೋನ್ ಮ್ಯೂಸಿಯಂ. ಪ್ರವೇಶ ಉಚಿತ. ಪೌಂಡನ್ನು ರೂಪಾಯಿಗೆ ಗುಣಿಸಿ ಗುಣಿಸಿ ಸುಸ್ತಾಗಿದ್ದ ನನಗೆ ಅದೇ ಮೊದಲ ಸಂತೋಷ.

ಸೋನ್ ವಾಸ್ತುಶಿಲ್ಪಿ, ಇದು ಅವನ ಸ್ವಂತ ಮನೆ. ಹದಿನೆಂಟನೇ ಶತಮಾನದ ಇಂಗ್ಲಿಷ್ ಚಿತ್ರಕಾರ ಹೊಗಾರ್ತ್‌ನ ಚಿತ್ರಗಳಿರುವ ಕೋಣೆ ಸುಮಾರು 13 ಅಡಿಗೆ 12 ಅಡಿ, ಚಿತ್ರಗಳು ಮಾತ್ರ ನೂರಕ್ಕೂ ಹೆಚ್ಚು. ಗುಟ್ಟು ಗೋಡೆಯಲ್ಲಿದೆ. ಸಿಬ್ಬಂದಿ ಬಂದು ಅದನ್ನು ಕದದಂತೆ ತೆರೆಯುತ್ತಾರೆ, ಒಳಗೆ ಇನ್ನೊಂದು ಸಾಲು!

ಅವನ 'ಎ ರೇಕ್ಸ್ ಪ್ರೋಗ್ರೆಸ್' 1730ರ ದಶಕದ ಎಂಟು ಚಿತ್ರಗಳ ಸರಣಿ. ಅಪ್ಪನ ಗಂಟು ಕರಗಿಸಿ ಹುಚ್ಚಾಸ್ಪತ್ರೆ ಸೇರುವ ಶೋಕಿಲಾಲನ ಕಥೆ. ಐದನೆಯದರಲ್ಲಿ ಅವನು ದುಡ್ಡಿಗಾಗಿ ಒಕ್ಕಣ್ಣಿನ ಮುದುಕಿಯನ್ನು ಮದುವೆಯಾಗುತ್ತಿದ್ದಾನೆ. ನೋಟವೆಲ್ಲ ಹಿಂದಿರುವ ಸೇವಕಿಯ ಮೇಲೆ. ಅದೇ ಚರ್ಚಿನಲ್ಲಿ ಬಡವರ ಹುಂಡಿಗೆ ಜೇಡ ಬಲೆ ಕಟ್ಟಿದೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಪಾದ್ರಿಗಳನ್ನು ಬೈಯಲು ಹೊಗಾರ್ತ್‌ಗೆ ಒಂದು ಜೇಡ ಸಾಕಾಗಿದೆ. ಕೊನೆಯ ಚಿತ್ರದಲ್ಲಿ ಸಿರಿವಂತ ಹೆಂಗಸರಿಬ್ಬರು ಹುಚ್ಚರನ್ನು ನೋಡಲು ಜಾತ್ರೆಗೆ ಬಂದಂತೆ ಬಂದಿದ್ದಾರೆ. ಶೋಕಿಲಾಲ ಕೈಬಿಟ್ಟ ಹುಡುಗಿ, ಮತ್ತೆ ಮತ್ತೆ ಅಳುತ್ತ ಬರುವ ಸಾರಾ ಯಂಗ್ ಮಾತ್ರ ನನಗೆ ಅತಿ ಎನಿಸಿದಳು, ಹಳೆಯ ಕಂಪನಿ ನಾಟಕದ ಪತಿವ್ರತೆಯ ಹಾಗೆ.

ನಾನು ಬೇರೂರಿ ನಿಂತದ್ದು ಹೊಗಾರ್ತ್‌ನದೇ ಚುನಾವಣೆಯ ನಾಲ್ಕು ಚಿತ್ರಗಳ ಮುಂದೆ. 1754ರ ಆಕ್ಸ್‌ಫರ್ಡ್‌ಶೈರ್ ಚುನಾವಣೆಯ ಗದ್ದಲದಿಂದ ಹುಟ್ಟಿದವು ಇವು. ಶಾಲಾ ಮೇಷ್ಟ್ರಾಗಿ ಹನ್ನೊಂದು ಸಲ ಮತಗಟ್ಟೆಯಲ್ಲಿ ಕೂತವನು ನಾನು. ಒಂದರಲ್ಲಿ ರೈತನ ಎರಡು ಕೈಗೂ ಎರಡು ಪಕ್ಷದವರು ಕಾಸು ಹಾಕುತ್ತಿದ್ದಾರೆ. ಮತದಾನದ ಚಿತ್ರದಲ್ಲಿ ಕೈ ಕಳೆದುಕೊಂಡ ಸೈನಿಕ ಬೈಬಲ್ ಮೇಲೆ ಕೊಕ್ಕೆಯಿಟ್ಟು ಪ್ರಮಾಣ ಮಾಡುತ್ತಾನೆ. ಕೊಕ್ಕೆ ಇಟ್ಟರೆ ಪ್ರಮಾಣವಾಗುತ್ತದೆಯೇ ಎಂದು ವಕೀಲರ ತಕರಾರು. ನಮ್ಮಲ್ಲಿ ಮತದಾರನ ಗುರುತನ್ನು ಪ್ರಶ್ನಿಸಲು ಏಜೆಂಟರು ಎರಡು ರೂಪಾಯಿ ಠೇವಣಿ ಕಟ್ಟಬೇಕು. ಕೊಕ್ಕೆಯ ಪ್ರಶ್ನೆ ನನ್ನ ಮುಂದೆ ಬಂದಿರಲಿಲ್ಲ, ಬಂದಿದ್ದರೆ ಬಿಟ್ಟುಬಿಡುತ್ತಿದ್ದೆ.

ದೊಡ್ಡ ಚೀಲ ಒಯ್ಯಬೇಡಿ, ಒಳಗೆ ದಾರಿ ಇಕ್ಕಟ್ಟು. ಗೋಡೆ ಯಾವಾಗ ತೆರೆಯುತ್ತಾರೆಂದು ಸಿಬ್ಬಂದಿಯನ್ನು ಸಂಕೋಚವಿಲ್ಲದೆ ಕೇಳಿ.

ಎರಡನೆಯ ಸಲ ಹೆಂಡತಿಯನ್ನೂ ಕರೆದೊಯ್ದೆ. ಮತಗಟ್ಟೆಯ ಮೆಟ್ಟಿಲ ಮೇಲೆ ಸಾಯುವ ಸ್ಥಿತಿಯ ರೋಗಿಯನ್ನು ಹೊತ್ತು ತರುತ್ತಿರುವುದನ್ನು ಅವಳೇ ಮೊದಲು ಕಂಡಳು. "ರೀ, ನಿಮ್ಮ ಬೂತಿಗೂ ಅಜ್ಜನೊಬ್ಬನನ್ನು ಹೀಗೆಯೇ ಮಂಚದ ಮೇಲೆ ತಂದಿದ್ದರಲ್ಲವೇ?"

ಮಂಚವಲ್ಲ, ಪ್ಲಾಸ್ಟಿಕ್ ಕುರ್ಚಿ.