ಕುಮಟಾ ಕಡೆ ಹಳೇ ಹಂಚಿನ ಮನೆ ನೋಡುತ್ತಿರುವವರು ಇದನ್ನು ಓದಿ, ಆಮೇಲೆ ಅಡ್ವಾನ್ಸ್ ಕೊಡಿ

ಬ್ಯಾಂಕಿನಲ್ಲಿ ನನಗೆ 19 ವರ್ಷ ಸರ್ವಿಸ್. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಆಮೇಲೆ ನೀವೇ ಕೇಳುತ್ತೀರಿ, ಬ್ಯಾಂಕಿನವಳಾಗಿ ಇಷ್ಟೂ ಗೊತ್ತಾಗಲಿಲ್ಲವಾ ಅಂತ. ಗೊತ್ತಾಗಲಿಲ್ಲ. 30 ವರ್ಷದ ಇಸಿ (ಋಣಭಾರ ಪತ್ರ) ತೆಗೆಸಿದೆ, ಪಂಚಾಯ್ತಿಯ ಆಸ್ತಿ ದಾಖಲೆ ನಮೂನೆ 9, 11 ನೋಡಿದೆ, ಮಾರುವವರ ತಂಗಿಯರ ಸಹಿ ಹಾಕಿಸಿದೆ. ಕಾಗದ ಎಲ್ಲ ಸರಿ ಇತ್ತು. ಮನೆ ಸರಿ ಇರಲಿಲ್ಲ. ಮನೆ ತೋರಿಸಿದವ ಮೊದಲಿನಿಂದಲೂ ಸರಿ ಇರಲಿಲ್ಲ.

ನಾವು ಶಿರಸಿಯವರು. ರಿಟೈರ್ ಆದ ಮೇಲೆ ಕರಾವಳಿಯಲ್ಲಿ ಒಂದು ಹಳೇ ಮನೆ, ಸ್ವಲ್ಪ ರಿಪೇರಿ ಮಾಡಿಸಿಕೊಂಡರಾಯಿತು ಅಂತ ನಮ್ಮ ಯಜಮಾನರ ಆಸೆ. ಪರಿಚಯದವರೊಬ್ಬರು ಈ ಏಜೆಂಟನ ನಂಬರ್ ಕೊಟ್ಟರು. ಡಿಸೆಂಬರಿನಲ್ಲಿ ದೇವಿಮನೆ ಘಟ್ಟ ಇಳಿದು ಹೋದೆವು. ಅಘನಾಶಿನಿ ಹಿನ್ನೀರಿನ ಕಡೆ, 6 ಗುಂಟೆ ಜಾಗ, ಹೊಸದಾಗಿ ಸುಣ್ಣ ಹೊಡೆದ ಮನೆ, ಪಕ್ಕದಲ್ಲೇ ಗಜನಿ, ಅಂದರೆ ಉಪ್ಪು ನೀರು ನುಗ್ಗುವ ತಗ್ಗಿನ ಗದ್ದೆ. ಕಗ್ಗ ಭತ್ತ ಕೊಯ್ದು ಆಗಿತ್ತು, ನೀರಿನಲ್ಲಿ ಬೆಳ್ಳಕ್ಕಿ ಕೂತಿದ್ದವು. ನಾನು ಫೋಟೊ ಹೊಡೆಯುತ್ತ ನಿಂತೆ. ಕುಮಟಾದವರು ಈಗಲೇ ನಗುತ್ತಿರಬಹುದು. ಕಗ್ಗ ಉಪ್ಪು ನೀರಿನಲ್ಲಿ ಬೆಳೆಯುವ ಭತ್ತ, ಗಜನಿ ಪಕ್ಕದ ಬಾವಿ ಬೇಸಿಗೆಯಲ್ಲಿ ಏನಾಗುತ್ತದೆ ಅಂತ ಅಲ್ಲಿನ ಸಣ್ಣ ಮಕ್ಕಳಿಗೂ ಗೊತ್ತು. ಘಟ್ಟದ ಮೇಲಿನವಳಿಗೆ ಗೊತ್ತಿರಲಿಲ್ಲ. ಏಜೆಂಟ ಆ ಮನೆಯ ಬಾವಿಯಿಂದ ಕೊಡಪಾನದಲ್ಲಿ ನೀರು ಸೇದಿ ಕೊಟ್ಟ. "ಕುಡಿದು ನೋಡಿ ಮೇಡಂ, ಎಳನೀರು." ಕುಡಿದೆ. ಡಿಸೆಂಬರಿನಲ್ಲಿ ಎಳನೀರೇ. ಏಪ್ರಿಲ್ ಎರಡನೇ ವಾರ ಅದೇ ನೀರಲ್ಲಿ ಚಾ ಮಾಡಿದರೆ ಹಾಲು ಒಡೆಯಿತು.

"ಪೂರ್ತಿ ಚಿರೆಕಲ್ಲಿನ ಮನೆ" ಅಂದ. ಚಿರೆಕಲ್ಲು ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು. ಜಗಲಿಯ ಮೂಲೆಯಲ್ಲಿ ಗಾರೆ ಉದುರಿದ ಕಡೆ ಬೆರಳಿಟ್ಟು ತೋರಿಸಿದ, ಹೌದು, ಚಿರೆಕಲ್ಲೇ. ರಿಪೇರಿಗೆ ಎಷ್ಟಾಗಬಹುದು ಅಂತ ಕೇಳಿದ್ದಕ್ಕೆ ಅವನೇ ಒಬ್ಬ ಮೇಸ್ತ್ರಿಯನ್ನು ಕರೆಸಿದ. ಮೇಸ್ತ್ರಿ ಗೋಡೆ ತಟ್ಟಿದ, ಮಾಡು (ಚಾವಣಿ) ನೋಡಿದ, ಹಂಚಿನಡಿಯ ಮರದ ನಾಲ್ಕು ಪಕಾಸಿ, ಒಂದಿಷ್ಟು ರೀಪು, ಒಡೆದ ಹಂಚು, ಎಲ್ಲ ಸೇರಿ 3 ಲಕ್ಷ ಅಂದ. ನಾವು ನಂಬಿದೆವು. ಅವನೇ ಕರೆಸಿದ ಮೇಸ್ತ್ರಿ! ಈಗ ಬರೆಯುವಾಗ ನನಗೇ ನನ್ನ ಮೇಲೆ ಸಿಟ್ಟು ಬರುತ್ತದೆ.

ನಾನು ಸಾಲ ತೆಗೆದುಕೊಂಡೇ ಖರೀದಿ ಮಾಡಬೇಕು ಅಂತಿದ್ದೆ. ಹಾಗಾಗಿದ್ದರೆ ನಮ್ಮದೇ ಬ್ಯಾಂಕಿನ ವ್ಯಾಲ್ಯುಯರ್ ಬಂದು ಗೋಡೆ, ಮಾಡು ನೋಡುತ್ತಿದ್ದ. ಇವ ಏನಂದ ಗೊತ್ತಾ? "ಸಾಲ ಅಂದ್ರೆ ಎರಡು ತಿಂಗಳು ಹೋಗ್ತದೆ ಮೇಡಂ, ಗೋವಾದ ಪಾರ್ಟಿ ದುಡ್ಡು ಹಿಡ್ಕೊಂಡು ಕೂತಿದೆ." ಎಫ್‌ಡಿ ಮುರಿದೆ, ಬಂಗಾರ ಅಡ ಇಟ್ಟೆ. ಗಿರಾಕಿಗಳಿಗೆ ದಿನಾ ಬುದ್ಧಿ ಹೇಳುವವಳು ನಾನು.

ದರದ ವಿಷಯ ಇನ್ನೂ ಚೆಂದ. ಚೌಕಾಸಿ ಮಾಡಲಿಕ್ಕೆ ನಾನೇ ಅವನನ್ನು ಕಳಿಸಿದೆ. ಎರಡು ದಿನ ಬಿಟ್ಟು ಫೋನ್: "ಅವರು 30ರಿಂದ ಕೆಳಗೆ ಇಳೀತಾನೇ ಇರ್ಲಿಲ್ಲ. ನಿಮ್ಮ ಮುಖ ನೋಡಿ ಕಾಲಿಗೆ ಬಿದ್ದ ಹಾಗೆ ಮಾಡಿ 28ಕ್ಕೆ ಒಪ್ಪಿಸಿದೆ." ಶೇಕಡಾ 2ರ ಲೆಕ್ಕದಲ್ಲಿ 56,000 ಕಮಿಷನ್ ಕೊಟ್ಟೆ, 20,000 ಫೋನ್‌ಪೇ, ಉಳಿದದ್ದು ನಗದು. ಮೇಲಿಂದ ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ. ಅಮ್ಮ ಹಾಕಿದ್ದು. ನಮ್ಮ ಮನೆಯಲ್ಲಿ ಆ ವರ್ಷ ಇದ್ದದ್ದೇ ಎರಡು ಭರಣಿ.

ಮೇ ತಿಂಗಳು ಪ್ಲಂಬರ್ ಬಚ್ಚಲಿಗೆ ಪೈಪ್ ಹಾಕಲಿಕ್ಕೆ ಹಿಂದಿನ ಗೋಡೆ ಕೊರೆದ. ನಾನು ಅಲ್ಲೇ ಇದ್ದೆ. ಸಿಮೆಂಟಿನ ಪದರ ಹೋಯಿತು, ಆಮೇಲೆ ಕಲ್ಲಿನ ಶಬ್ದವೇ ಇಲ್ಲ. ಸರ್ರನೆ ಕೆಂಪು ಮಣ್ಣು ಸುರಿಯಿತು. ಅವ ನನ್ನ ಮುಖ ನೋಡಿದ. "ಅಕ್ಕಾ, ಇದು ಮಣ್ಣಿನ ಗೋಡೆ." ಸುರಿದ ಮಣ್ಣಿನ ಜೊತೆ ಒರಲೆ (ಗೆದ್ದಲು) ಬಂತು. ಜಗಲಿ ಮತ್ತು ಎದುರಿನ ಕೋಣೆ ಮಾತ್ರ ಚಿರೆಕಲ್ಲು, ಉಳಿದದ್ದೆಲ್ಲ ಮಣ್ಣು, ಮೇಲೆ ಸಿಮೆಂಟ್ ಗಿಲಾವು. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವಕ್ಕೆ ಹೊರಗೆ ಬರಲಿಕ್ಕೆ ದಾರಿ ಇಲ್ಲ, ಗೋಡೆ ಒಳಗಿನಿಂದಲೇ ಕೊಳೆಯುತ್ತದೆ. ಆಮೇಲೆ ಬಂದ ಎಂಜಿನಿಯರ್ ಹೇಳಿದ್ದು ಇದು. ಅವರ ಅಂದಾಜು 11 ಲಕ್ಷ. 3 ಅಲ್ಲ, 11.

ಅಲ್ಲೇ ನಿಂತು ಏಜೆಂಟನಿಗೆ ಫೋನ್ ಮಾಡಿದೆ.

"ಗೋಡೆ ಒಡೆದು ತೋರಿಸ್ಲಿಕ್ಕೆ ಆಗ್ತದಾ ಮೇಡಂ?"

ಪೂರ್ತಿ ಚಿರೆಕಲ್ಲು ಅಂದಿದ್ದಿರಲ್ಲ?

"ಮನೆಯವರು ಹೇಳಿದ್ದೇ ನಾ ಹೇಳಿದ್ದು."

ಬಾವಿ?

"ಟ್ಯಾಂಕರ್ ಉಂಟಲ್ಲ."

ಜೂನಿನಲ್ಲಿ ಅಡುಗೆಮನೆ ಸೋರುವ ವಿಡಿಯೊ ಕಳಿಸಿದೆ. ಉತ್ತರ: "ಮಳೆಗಾಲದಲ್ಲಿ ಯಾರ ಮನೆ ಸೋರೂದಿಲ್ಲ ಹೇಳಿ." ಜೊತೆಗೆ ಕೈಮುಗಿದ ಚಿತ್ರ. ಇನ್ನೊಂದು ಸಲ ಬರೆದೆ, ಬರೀ ಹೆಬ್ಬೆರಳು. 11 ಲಕ್ಷಕ್ಕೆ ಒಂದು ಹೆಬ್ಬೆರಳು.

ಆ ಮೇಸ್ತ್ರಿಗೂ ಫೋನ್ ಮಾಡಿದೆ. ಪಾಪ, ಅವ ಸುಳ್ಳೂ ಹೇಳಲಿಲ್ಲ. "ಅವರು ಕರ್ದ್ರು, ಬಂದೆ. ಜಾಸ್ತಿ ಹೇಳ್ಬೇಡ ಅಂದ್ರು. 500 ಕೊಟ್ರು."

ಇಷ್ಟಕ್ಕೇ ಮುಗಿದಿದ್ದರೆ ನನ್ನ ದಡ್ಡತನ ಅಂತ ಸುಮ್ಮನಿರುತ್ತಿದ್ದೆನೋ ಏನೋ. ಜುಲೈನಲ್ಲಿ ಮನೆ ಮಾರಿದವರು ಅಟ್ಟದಲ್ಲಿ ಬಿಟ್ಟುಹೋದ ತೊಟ್ಟಿಲು ತೆಗೆದುಕೊಂಡು ಹೋಗಲು ಬಂದರು. ಚಾ ಕೊಟ್ಟೆ. ಮಾತಿಗೆ ಮಾತು ಬಂದು ಅವರೇ ಹೇಳಿದರು, "ನಾವು ಕೇಳಿದ್ದು 25 ಅಲ್ರಾ. ಮೇಲಿಂದು ಅವನದ್ದು ಅಂತ ಮೊದಲೇ ಮಾತಾಗಿತ್ತು." ಅಂದರೆ ನಾನು ಹೆಚ್ಚು ಕೊಟ್ಟಷ್ಟೂ ಅವನಿಗೆ ಲಾಭ, ಅಂಥವನನ್ನೇ ಚೌಕಾಸಿಗೆ ಕಳಿಸಿದ್ದೆ ನಾನು. ಅವರ ಕಡೆಯಿಂದ 3 ಲಕ್ಷ, ನನ್ನಿಂದ 56,000, ಮತ್ತೆ ಉಪ್ಪಿನಕಾಯಿ. ಇದನ್ನು ಕೇಳಲಿಕ್ಕೆ ಫೋನ್ ಮಾಡಿದಾಗ ಒಂದೇ ಮಾತು: "ಅದು ನಮ್ಮ ನಮ್ಮ ವ್ಯವಹಾರ ಮೇಡಂ. ನಿಮಗೆ ಮನೆ ಬಂತಲ್ಲ?" ಅವತ್ತಿನಿಂದ ಬ್ಲಾಕ್.

ರೇರಾಕ್ಕೆ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ, ಹೋಗಿ ಅಂತ ಎಲ್ಲರೂ ಸಲಹೆ ಕೊಡುತ್ತಾರೆ. 2016ರ ಆ ಕಾಯ್ದೆಯಲ್ಲಿ ಏಜೆಂಟರ ನೋಂದಣಿ ಇರುವುದು ರೇರಾದಲ್ಲಿ ದಾಖಲಾದ ಲೇಔಟ್, ಫ್ಲ್ಯಾಟ್ ಮಾರುವವರಿಗೆ. ಒಂಟಿ ಹಳೇ ಮನೆ ಕೊಡಿಸುವವನಿಗೆ ಅದು ತಾಗುವುದಿಲ್ಲ, ಇಂಥವರನ್ನು ಕೇಳುವವರೇ ಇಲ್ಲ. ಕಾರವಾರದ ಗ್ರಾಹಕರ ಆಯೋಗ ಒಂದಿದೆ, ದೂರಿಗೆ 2 ವರ್ಷ ಅವಕಾಶ. ವಕೀಲರು ಕೇಳಿದ ಮೊದಲ ಪ್ರಶ್ನೆ, ಕಮಿಷನ್ ಕೊಟ್ಟದ್ದಕ್ಕೆ ರಸೀದಿ ಉಂಟಾ? ಫೋನ್‌ಪೇ ಮಾಡಿದ 20,000 ಮಾತ್ರ ಸಾಕ್ಷಿ. ನಗದು ಕೊಟ್ಟದ್ದು ಹೊಳೆಗೆ ಹಾಕಿದ ಹಾಗೆ.

ಹಾಗಾಗಿ, ಮಾರುವವರ ಕಡೆಯಿಂದ ಎಷ್ಟು ತೆಗೆದುಕೊಳ್ಳುತ್ತೀಯಾ ಅಂತ ಮೊದಲ ದಿನವೇ ಮುಖಕ್ಕೆ ಕೇಳಿ, ಬರೆಸಿಕೊಳ್ಳಿ. ತೊದಲಿದರೆ ಗಾಡಿ ತಿರುಗಿಸಿ. ಮಾರುವವರ ಹತ್ತಿರ ಅವನಿಲ್ಲದಾಗ ಒಮ್ಮೆ ಕೂತು ಚಾ ಕುಡಿಯಿರಿ. ಮೇಸ್ತ್ರಿ, ಎಂಜಿನಿಯರ್ ನಿಮ್ಮವರೇ ಇರಲಿ, ಹಿಂದಿನ ಗೋಡೆಗೊಂದು ತೂತು ಹೊಡೆಸಿ, ಬೇಡ ಅಂದರೆ ಮನೆಯೇ ಬೇಡ. ಬಾವಿ ನೀರನ್ನು ಮೇ ತಿಂಗಳಲ್ಲಿ ಕುಡಿದು ನೋಡಿ. ಗೋವಾದ ಪಾರ್ಟಿ ತಗೊಂಡು ಹೋದರೆ ಹೋಗಲಿ, ಆ ಪಾರ್ಟಿಯನ್ನು ಯಾರೂ ಕಂಡಿಲ್ಲ.

ಏಜೆಂಟನ ಹೆಸರು ಇಲ್ಲಿ ಹಾಕಬೇಡಿ ಅಂದಿದ್ದಾರೆ ವಕೀಲರು. ಈ ಕಡೆ ಮನೆ ನೋಡುತ್ತಿರುವವರು ನನ್ನನ್ನು ಕೇಳಿದರೆ ಬಾಯಲ್ಲಿ ಹೇಳುತ್ತೇನೆ. ಮಾಡಿಗೆ ಸದ್ಯ ನೀಲಿ ತಾಡಪಾಲು ಕಟ್ಟಿದ್ದೇವೆ, ರಿಪೇರಿ ದೀಪಾವಳಿ ಕಳೆದ ಮೇಲೆ.